ಮೊಳಕೆ ರಾಗಿ ಸರಿ ಹಿಟ್ಟು: ಪ್ಯಾಕೆಟ್ಟಿನ ಮುಂದೆ ‘ಬುದ್ಧಿ’, ಒಳಗೆ ಏನು?

ಮಗುವಿನ ರಾಗಿ ಸರಿ ಹಿಟ್ಟು ಈಗ ಮೆಡಿಕಲ್ ಶಾಪಿನಿಂದ ವಾಟ್ಸಾಪ್ ಗುಂಪಿನವರೆಗೆ ಎಲ್ಲೆಡೆ ಸಿಗುತ್ತದೆ, ‘ಮಗುವಿನ ಬುದ್ಧಿ ಚುರುಕಾಗುತ್ತದೆ’ ಎಂಬ ಮಾತಿನೊಂದಿಗೆ. ಬಗೆ ಮೂರು: ಬರೀ ಮೊಳಕೆ ರಾಗಿ, ರಾಗಿಗೆ ಬೇಳೆ–ಬಾದಾಮಿ ಬೆರೆಸಿದ್ದು, ಸಕ್ಕರೆಯನ್ನೋ ಬೆಲ್ಲದ ಪುಡಿಯನ್ನೋ ಸೇರಿಸಿದ ಮಾಲ್ಟ್. ಮೂರನೆಯದನ್ನು ಕೊಳ್ಳಲೇಬೇಡಿ. ಎರಡು ವರ್ಷದೊಳಗಿನ ಮಗುವಿನ ಊಟಕ್ಕೆ ಸಿಹಿ ಸೇರಿಸುವುದು ಬೇಡ, ಬೆಲ್ಲವೂ ಸಿಹಿಯೇ. ಉಳಿದೆರಡರಲ್ಲಿ ನಮ್ಮ ಓಟು ಬರೀ ಮೊಳಕೆ ರಾಗಿಗೆ.

ಬಾದಾಮಿ ಮಿಶ್ರಣ ಯಾಕೆ ಬೇಡ? ಲೆಕ್ಕ ಹಾಕಿ. ಪದಾರ್ಥಗಳ ಪಟ್ಟಿಯಲ್ಲಿ ಬಾದಾಮಿ ಶೇ. 5 ಎಂದಿದ್ದರೆ, ಒಂದು ಹೊತ್ತಿನ 20 ಗ್ರಾಂ ಹಿಟ್ಟಿನಲ್ಲಿ ಇರುವುದು 1 ಗ್ರಾಂ, ಅಂದರೆ ಒಂದು ಇಡೀ ಬಾದಾಮಿಯೂ ಅಲ್ಲ. ಅಕ್ರೋಟಿನದೂ ಅದೇ ಕಥೆ. ಅದರಲ್ಲಿರುವ ಒಮೆಗಾ–3 ಕೊಬ್ಬು ಮಿದುಳಿಗೆ ಬೇಕಾದ ಡಿಎಚ್‌ಎ ಎಂಬ ರೂಪದ್ದಲ್ಲ. ದೇಹ ಅದನ್ನು ಡಿಎಚ್‌ಎ ಆಗಿ ಬದಲಿಸುವುದು ಅತ್ಯಲ್ಪ. ಡಿಎಚ್‌ಎ ಬರುವುದು ಎದೆಹಾಲಿನಿಂದ, ಮೀನು ತಿನ್ನುವ ಮನೆಗಳಲ್ಲಿ ಬೂತಾಯಿ, ಬಂಗುಡೆಯಿಂದ. ಮೇಲಾಗಿ ಎಣ್ಣೆಕಾಳು ಬೆರೆಸಿದ ಹಿಟ್ಟು ಬೇಗ ಕಮಟು ಹಿಡಿಯುತ್ತದೆ.

ಮಿದುಳಿನ ವಿಷಯದಲ್ಲಿ ಆರು ತಿಂಗಳ ನಂತರ ನಿಜವಾಗಿ ಕೈಕೊಡುವುದು ಕಬ್ಬಿಣ. ಹುಟ್ಟುವಾಗ ಮಗು ತಂದ ದಾಸ್ತಾನು ಅಷ್ಟರಲ್ಲಿ ಕರಗಿರುತ್ತದೆ, ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ನರತಂತುಗಳಿಗೆ ಮೈಲಿನ್ ಹೊದಿಕೆ ಬೀಳುವುದಕ್ಕೂ ಮಿದುಳಿನೊಳಗೆ ಸಂದೇಶ ಸಾಗಿಸುವ ಡೋಪಮಿನ್ ತಯಾರಾಗುವುದಕ್ಕೂ ಕಬ್ಬಿಣ ಬೇಕು. ಈ ಹೊತ್ತಿನಲ್ಲಿ ಬಿದ್ದ ಕೊರತೆಯನ್ನು ಆಮೇಲೆ ತುಂಬಿಸಿದರೂ ಕಲಿಕೆ, ನೆನಪಿನ ಮೇಲಿನ ಪರಿಣಾಮ ಪೂರ್ತಿ ಹೋಗದೆ ಉಳಿಯಬಹುದು. ರಾಗಿಯಲ್ಲಿ 100 ಗ್ರಾಂಗೆ ಸುಮಾರು 4.6 ಮಿಗ್ರಾಂ ಕಬ್ಬಿಣ, 364 ಮಿಗ್ರಾಂ ಕ್ಯಾಲ್ಸಿಯಂ ಇದೆ. 20 ಗ್ರಾಂ ಸರಿಗೆ ಬರುವ ಕಬ್ಬಿಣ 0.9 ಮಿಗ್ರಾಂ, ರಾಗಿಯಲ್ಲೇ ಇರುವ ಫೈಟೇಟ್, ಟ್ಯಾನಿನ್ ಎಂಬ ವಸ್ತುಗಳ ಹಿಡಿತದಿಂದ ಅದರಲ್ಲೂ ಮೈಗೆ ಹತ್ತುವುದು ಸ್ವಲ್ಪವೇ. ಮೊಳಕೆ ಕಟ್ಟಿದರೆ ಆ ಹಿಡಿತ ಸಡಿಲವಾಗುತ್ತದೆ, ಬಿಡುವುದಿಲ್ಲ. ಒಟ್ಟಿನಲ್ಲಿ ಸರಿ ಒಳ್ಳೆಯ ಊಟ, ಕಬ್ಬಿಣದ ಔಷಧಿಯಲ್ಲ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ (6ರಿಂದ 59 ತಿಂಗಳವರೆಗೆ ವಾರಕ್ಕೆರಡು ಸಲ 1 ಮಿ.ಲೀ.) ‘ಸರಿ ತಿನ್ನುತ್ತಾನಲ್ಲ’ ಎಂದು ನಿಲ್ಲಿಸಬೇಡಿ.

ಹಿಟ್ಟು ನಿಜಕ್ಕೂ ಮೊಳಕೆಯದೇ? ಒಲೆಯ ಮೇಲೆಯೇ ಗೊತ್ತಾಗುತ್ತದೆ. ಸಾದಾ ರಾಗಿ ಹಿಟ್ಟು 20 ಗ್ರಾಂ, ಪ್ಯಾಕೆಟ್ ಹಿಟ್ಟು 20 ಗ್ರಾಂ, ಎರಡನ್ನೂ ಬೇರೆ ಬೇರೆ 200 ಮಿ.ಲೀ. ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಕಾಯಿಸಿ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸುವುದರಿಂದ ಅದರ ಸರಿ ತೆಳ್ಳಗೆ, ತುಸು ಸಿಹಿಯಾಗಿ ಇರಬೇಕು. ಎರಡೂ ಒಂದೇ ಸಮ ಗಟ್ಟಿಯಾದರೆ ಮೊಳಕೆ ಸರಿಯಾಗಿ ಬಂದಿಲ್ಲ, ಇಲ್ಲವೇ ಘಮಕ್ಕೆಂದು ಅತಿಯಾಗಿ ಹುರಿದು ಕಿಣ್ವವನ್ನು ಸುಟ್ಟಿದ್ದಾರೆ. ಮುಗ್ಗಲು ವಾಸನೆ ಬಂದರೆ ಮೊಳಕೆ ಪೂರ್ತಿ ಒಣಗುವ ಮುಂಚೆ ಬೀಸಿದ್ದಾರೆಂದು ಅರ್ಥ. ಬೂಷ್ಟು ಹಿಡಿದಿರುವ ಭಯ ಇದೆ, ಎಸೆಯಿರಿ.

ತೆಳ್ಳಗಾದರೆ ಲಾಭವೇನು? ಎಂಟು ಕಿಲೋ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 240 ಮಿ.ಲೀ. ಸಾದಾ ಹಿಟ್ಟು ಗಟ್ಟಿಯಾಯಿತೆಂದು ನೀರು ಸುರಿದರೆ ಹೊಟ್ಟೆ ನೀರಿನಲ್ಲೇ ತುಂಬುತ್ತದೆ. ಮೊಳಕೆ ಹಿಟ್ಟನ್ನು ಹೆಚ್ಚು ಹಾಕಿದರೂ ನುಂಗಲು ಹಗುರ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೇ ತತ್ವದ ಮೇಲೆ ಮೊಳಕೆ ರಾಗಿ 70, ಮೊಳಕೆ ಹೆಸರುಕಾಳು 30 ಪಾಲಿನ ಶಿಶು ಆಹಾರವನ್ನು ದಶಕಗಳ ಹಿಂದೆಯೇ ರೂಪಿಸಿತ್ತು. ಮನೆಯಲ್ಲೂ ಅದೇ ಪಾಲು ಹಿಡಿಯಬಹುದು: ಹಿಟ್ಟು ಎರಡು ಚಮಚವಾದರೆ, ಹುರಿದು ಬೀಸಿದ ಹೆಸರುಬೇಳೆ ಪುಡಿ ಸುಮಾರು ಒಂದು ಚಮಚ. ಉರಿ ಜೋರು ಮಾಡಬೇಡಿ, ಕಿಣ್ವ ಕೆಲಸ ಮಾಡುವುದು ಕುದಿಯುವ ಮುಂಚಿನ ಬಿಸಿಯಲ್ಲಿ. ಆಮೇಲೆ ಐದು ನಿಮಿಷ ಕುದಿಸಿ ಅರ್ಧ ಚಮಚ ತುಪ್ಪ ಹಾಕಿ. ಚಮಚ ಓರೆ ಮಾಡಿದರೆ ಥಟ್ಟನೆ ಸುರಿಯದಷ್ಟು ಹದ ಇರಲಿ. ಹಾಲಿನಲ್ಲಿ ಬೇಯಿಸುವ ರೂಢಿ ಬಿಡಿ, ಹಾಲು ಕಬ್ಬಿಣವನ್ನು ತಡೆಯುತ್ತದೆ. ನೀರಿನ ಸರಿಗಾದರೆ ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಬಹುದು, ಅಥವಾ ಜೊತೆಗೆ ಹಿಸುಕಿದ ಪಪ್ಪಾಯಿ. ವಿಟಮಿನ್ ಸಿ ಕಬ್ಬಿಣವನ್ನು ಒಳಗೆಳೆಯುತ್ತದೆ. ಒಂದು ವರ್ಷದವರೆಗೆ ಜೇನು ಖಂಡಿತ ಬೇಡ.

ಕೊಳ್ಳುವಾಗ ಇನ್ನೊಂದು ನೋಡಿ. 1992ರ ಶಿಶು ಆಹಾರ ಕಾಯ್ದೆಯ ಪ್ರಕಾರ (2003ರಲ್ಲಿ ತಿದ್ದುಪಡಿಯಾಯಿತು) ಎರಡು ವರ್ಷದೊಳಗಿನವರ ಆಹಾರದ ಲೇಬಲ್ ಮೇಲೆ ಮಗುವಿನ ಅಥವಾ ತಾಯಿಯ ಚಿತ್ರ ಇರುವಂತಿಲ್ಲ. ‘6 ತಿಂಗಳಿಂದ’ ಎಂದು ಬರೆದು ಪಕ್ಕದಲ್ಲೇ ಗುಂಡುಗೆನ್ನೆಯ ಕೂಸನ್ನು ಅಚ್ಚು ಹಾಕಿದವರು ಆ ನಿಯಮವನ್ನೇ ಓದಿಲ್ಲ, ಇನ್ನು ಮಿದುಳಿನ ಮಾತು ಎಲ್ಲಿಂದ ತಂದರೋ! ಗುಂಪಿನಲ್ಲಿ ಮಾರುವವರ ಬಳಿ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ, ಬೀಸಿದ ದಿನಾಂಕ ಕೇಳಿ. ಒಂದು ಕಿಲೋ ಅಗ್ಗ ಎಂದು ತರಬೇಡಿ. 250 ಗ್ರಾಂ ತಂದು, ಗಾಳಿಯಾಡದ ಡಬ್ಬದಲ್ಲಿಟ್ಟು, ತಿಂಗಳೊಳಗೆ ಮುಗಿಸಿ.