ಸೀಮ್ ಬೌಲರ್‌ಗೆ ಹೇಳಿ ಮಾಡಿಸಿದ ಚೆಂಡು

ನಾನು ಮಧ್ಯಮ ವೇಗದ ಬೌಲರ್. ಲೈನ್ ಮತ್ತು ಲೆಂತೇ, ಅಂದರೆ ಚೆಂಡಿನ ದಿಕ್ಕು ಮತ್ತು ಅದು ನೆಲಕ್ಕೆ ಬೀಳುವ ಜಾಗವೇ, ನನ್ನ ಬಂಡವಾಳ. ಕೈಯಲ್ಲಿ ಹೊಲಿದ ಈ ಕೆಂಪು ಲೆದರ್ ಚೆಂಡಿನಲ್ಲಿ ಮೂರು ವಾರ ನೆಟ್ಸ್ ಮಾಡಿದೆ. ಸೀಮ್, ಅಂದರೆ ಚೆಂಡಿನ ನಡುವಿನ ಉಬ್ಬು ಹೊಲಿಗೆ, ಚೆನ್ನಾಗಿ ಎದ್ದು ನಿಂತಿದೆ, ಎರಡು ಬೆರಳು ಅದರ ಅಕ್ಕಪಕ್ಕ ಸರಿಯಾಗಿ ಕೂರುತ್ತವೆ. ಗುಡ್ ಲೆಂತ್‌ನಲ್ಲಿ (ಮುಂದೆ ಹೋಗಲೋ ಹಿಂದೆ ಸರಿಯಲೋ ಎಂದು ಬ್ಯಾಟರ್ ಗೊಂದಲಕ್ಕೆ ಬೀಳುವ ಜಾಗ) ಕರವಸ್ತ್ರ ಹಾಸಿ ಅದಕ್ಕೇ ಗುರಿಯಿಟ್ಟು ಹಾಕುತ್ತಿದ್ದೆ. ಒಂದು ಒಳಗೆ ಬಂತು, ಅದೇ ಜಾಗದಿಂದ ಇನ್ನೊಂದು ಹೊರಗೆ ಹೋಯಿತು. ಬ್ಯಾಟರ್ ಆಡಲೂ ಆಗದೆ, ಬಿಡಲೂ ಆಗದೆ ಒದ್ದಾಡಿದ! ದಕ್ಷಿಣ ಆಫ್ರಿಕಾದ ಫಿಲ್ಯಾಂಡರ್ 64 ಟೆಸ್ಟ್‌ಗಳಲ್ಲಿ 224 ವಿಕೆಟ್ ತೆಗೆದದ್ದು ಜಾಸ್ತಿ ವೇಗದಿಂದಲ್ಲ, ಇಂಥ ನಿಖರತೆಯಿಂದಲೇ ಅಲ್ವಾ?

ಹೊಳಪು ಮಾತ್ರ 25 ಓವರ್‌ಗೇ ಹೋಗುತ್ತದೆ. ಸ್ವಿಂಗ್, ಅಂದರೆ ಚೆಂಡು ಗಾಳಿಯಲ್ಲೇ ಬಾಗುವುದು, ಬೇಕೆನ್ನುವವರು ಬೇರೆ ನೋಡಿ. ಆದರೆ 40 ಓವರ್ ಆದರೂ ಹೊಲಿಗೆಯ ಒಂದು ಎಳೆ ಬಿಟ್ಟಿಲ್ಲ. ಎರಡನೇ ಚೆಂಡು ಆಗಲೇ ತರಿಸಿದ್ದೇನೆ.