ವಿಡಿಯೊ ಡಾಕ್ಟರ ಜೊತೆ ಐದು ವರ್ಷ: ಮಾತ್ರೆ ಕೊಡದ ಆ್ಯಪ್‌ಗೆ ನಾಲ್ಕು ಸ್ಟಾರ್, ಕೊಟ್ಟ ಆ್ಯಪ್‌ಗೆ ಒಂದು

ನಮ್ಮ ಮನೆಯಲ್ಲಿ ಇದು ಶುರುವಾಗಿದ್ದು 2020ರ ಜೂನ್‌ನಲ್ಲಿ. ಅಪ್ಪಯ್ಯ, ಅಮ್ಮ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗಿ ಒಳದಾರಿ ಹಿಡಿಯಬೇಕಾದ ಹಳ್ಳಿಯಲ್ಲಿ. ನಾನಿರುವುದು ಬೆಂಗಳೂರಿನಲ್ಲಿ. ಜ್ವರ, ನೆಗಡಿಗೆ ತೀರ್ಥಹಳ್ಳಿ ಸಾಕು. ಸ್ಪೆಷಲಿಸ್ಟ್ ಬೇಕೆಂದರೆ ಶಿವಮೊಗ್ಗ, ಇಲ್ಲವೇ ಘಾಟಿ ಇಳಿದು ಮಣಿಪಾಲ. ಲಾಕ್‌ಡೌನ್‌ನಲ್ಲಿ ಎರಡೂ ದೂರವಾದವು. ಅಮ್ಮನ ಶುಗರ್ ಮಾತ್ರೆ ಮುಗಿಯುತ್ತಾ ಬಂದಿತ್ತು, ಹಾಗಾಗಿ ವಿಡಿಯೊದಲ್ಲಿ ಡಾಕ್ಟರ ಜೊತೆ ಮಾತಾಡಿಸುವ ಒಂದು ಆ್ಯಪ್ ಹಾಕಿಕೊಂಡೆ. ಅಂದಿನಿಂದ ಇಂದಿನವರೆಗೆ ನನ್ನ ಫೋನಿನ ಫೋಲ್ಡರಿನಲ್ಲಿ ಡಾಕ್ಟರ 43 ಚೀಟಿಗಳು ಸೇರಿವೆ. ಅಷ್ಟರಲ್ಲಿ ಎರಡು ಖಾಸಗಿ ಆ್ಯಪ್, ಜೊತೆಗೆ ಸರ್ಕಾರದ ಇ-ಸಂಜೀವಿನಿ ಬಳಸಿದ್ದೇನೆ. ಖಾಸಗಿಯವುಗಳ ಹೆಸರು ಬರೆಯುವುದಿಲ್ಲ. ಒಂದು ಮನೆಯ ಅನುಭವದಿಂದ ಯಾವ ಕಂಪನಿಯ ಹಣೆಬರಹವನ್ನೂ ಬರೆಯಬಾರದು. ಮೊದಲನೆಯದು, ಎರಡನೆಯದು ಅಂತಲೇ ಕರೆಯುತ್ತೇನೆ.

ಮೊದಲ ಆ್ಯಪ್‌ನಲ್ಲಿ ಸಿಕ್ಕಿದ ಡಾಕ್ಟರು ಹಳೆಯ ಚೀಟಿ, ಶುಗರ್ ರಿಪೋರ್ಟು ನೋಡಿ ಮೆಟ್‌ಫಾರ್ಮಿನ್ ಮುಂದುವರಿಸಿದರು. ಎಲ್ಲ ಸಲೀಸಾಗಿತ್ತು. ಕೊನೆಯಲ್ಲಿ ಅಮ್ಮ, "ಡಾಕ್ಟ್ರೇ, ಆ ನಿದ್ದೆ ಮಾತ್ರೆನೂ ಬರ್ದುಬಿಡಿ" ಅಂದಳು. ಆಲ್ಪ್ರಜೋಲಾಮ್, 0.25. ಯಾರೋ ಎಂದೋ ಹತ್ತು ದಿನಕ್ಕೆ ಬರೆದದ್ದು ಆರು ವರ್ಷದಿಂದ ನಡೆದುಕೊಂಡು ಬಂದಿತ್ತು. ಡಾಕ್ಟರು "ಅದು ಆಗಲ್ಲಮ್ಮ, ಸಿಸ್ಟಮ್‌ನಲ್ಲಿ ಬರಲ್ಲ" ಅಂದರು. ಯಾಕೆ ಅಂದರೆ ಮತ್ತೆ ಅದೇ ಉತ್ತರ. ನಾನು ಸಿಟ್ಟಿನಲ್ಲಿ ಒಂದು ಸ್ಟಾರ್ ಒತ್ತಿ, "ಹಣ ತಗೊಂಡು ಅರ್ಧ ಚೀಟಿ ಕೊಡ್ತಾರೆ" ಅಂತ ಬರೆದೆ.

ಆ ವಿಮರ್ಶೆಯನ್ನು ಆಮೇಲೆ ಅಳಿಸಿದೆ. ಅಳಿಸಲು ಕಾರಣವಾಗಿದ್ದು ನಿಯಮದ ಪುಸ್ತಿಕೆ. 2020ರ ಮಾರ್ಚ್ 25ರಂದು, ದೇಶವೆಲ್ಲ ಬಾಗಿಲು ಹಾಕಿಕೊಂಡ ಮೊದಲ ದಿನವೇ, ಕೇಂದ್ರ ಆರೋಗ್ಯ ಸಚಿವಾಲಯದಿಂದ ಟೆಲಿಮೆಡಿಸಿನ್, ಅಂದರೆ ದೂರದಿಂದಲೇ ರೋಗಿಯನ್ನು ನೋಡುವುದರ ಮಾರ್ಗಸೂಚಿ ಹೊರಬಿತ್ತು. ವೈದ್ಯರ ನಡವಳಿಕೆಯ 2002ರ ನಿಯಮಗಳಿಗೆ ಅದನ್ನು ಸೇರಿಸಿದರು. ಅಂದರೆ ಅದು ಆ್ಯಪ್ ಕಂಪನಿಯ ಮರ್ಜಿ ಅಲ್ಲ, ಮೀರಿದರೆ ವೈದ್ಯರ ಮೇಲೆ ದುರ್ನಡತೆಯ ಕ್ರಮ ಬರಬಹುದು. ಔಷಧಿಗಳಿಗೆ ಅದರಲ್ಲಿ ನಾಲ್ಕು ಪಟ್ಟಿ. ಪ್ಯಾರಾಸಿಟಮಾಲ್, ಓಆರ್‌ಎಸ್‌ನಂಥವು ಒಂದರಲ್ಲಿ: ಫೋನಾಗಲಿ, ಮೆಸೇಜಾಗಲಿ, ಹೇಗೆ ಕೇಳಿದರೂ ಹೇಳಬಹುದು. ಇನ್ನೊಂದು ಪಟ್ಟಿಯವನ್ನು ಮೊದಲ ಸಲವಾದರೆ ವಿಡಿಯೊದಲ್ಲಿ ಮುಖ ನೋಡಿಯೇ ಬರೆಯಬೇಕು. ಮೂರನೆಯದು, ಮೊದಲೇ ಎದುರಾಎದುರು ನೋಡಿದ ರೋಗಿಗೆ ಅದೇ ಕಾಯಿಲೆಗೆ ಹೆಚ್ಚುವರಿಯಾಗಿ ಸೇರಿಸುವ ಔಷಧಿಗಳದ್ದು. ಕೊನೆಯದು ದೂರದಿಂದ ಬರೆಯಲೇಬಾರದ್ದು: ಔಷಧ ಕಾನೂನಿನ ಶೆಡ್ಯೂಲ್ ಎಕ್ಸ್‌ನಲ್ಲಿರುವವು, ಮತ್ತೆ 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿರುವವು. ಅಮ್ಮನ ಪುಟ್ಟ ನಿದ್ದೆ ಮಾತ್ರೆ ಆ ಕಾಯ್ದೆಯ ಪಟ್ಟಿಯಲ್ಲಿತ್ತು. ಎಲೆಯಡಿಕೆ ಕವಳದ ಜೊತೆ ಕೈಚೀಲದಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ ಮಾತ್ರೆ!

ಎರಡು ವರ್ಷದ ಮೇಲೆ ಅಪ್ಪಯ್ಯನ ಮಂಡಿಗೂ ಇದೇ ಆಯಿತು. ಯಾರದೋ ಮನೆಯ ತಿಥಿಯೂಟಕ್ಕೆ ಹೋದಾಗ ಪಕ್ಕದವರು ಕೊಟ್ಟ ಮಾತ್ರೆಯಿಂದ ನೋವು ಮಾಯವಾಗಿತ್ತಂತೆ, ಅದೇ ಬೇಕು ಅಂತ ಮಾತ್ರೆಯ ಖಾಲಿ ಸ್ಟ್ರಿಪ್ ಹಿಡಿದು ಕ್ಯಾಮೆರಾಕ್ಕೆ ತೋರಿಸಿದರು. ಟ್ರಮಡಾಲ್. 2018ರಲ್ಲಿ ಅದನ್ನೂ ಅದೇ ಕಾಯ್ದೆಯೊಳಗೆ ತಂದಿದ್ದಾರೆ. ಡಾಕ್ಟರು ಕೊಡಲಿಲ್ಲ. ಈ ಸಲ ನಾನು ಸಿಟ್ಟಾಗಲಿಲ್ಲ, ಅಪ್ಪಯ್ಯ ಆದರು.

ವಿಡಿಯೊ ಕಡ್ಡಾಯ ಅನ್ನುವುದು ಕಾಗದದ ಮೇಲೆ ಒಂದು ಸಾಲು. ನಮ್ಮೂರಿನಲ್ಲಿ ಅದು ಅರ್ಧ ದಿನದ ಕೆಲಸ. ಮನೆಯಲ್ಲಿ ಮಾತು ಕೇಳುವಷ್ಟು ಸಿಗ್ನಲ್ ಇದೆ, ಮುಖ ಕಾಣುವಷ್ಟಿಲ್ಲ. ವಿಡಿಯೊ ಬೇಕೆಂದರೆ ತೋಟ ದಾಟಿ ಗುಡ್ಡದ ನೆತ್ತಿಗೆ ಹೋಗಬೇಕು. ಒಂದು ಮಳೆಗಾಲ ಅಪ್ಪಯ್ಯನಿಗೆ ತೊಡೆಸಂದಿಯಲ್ಲಿ ಗಜಕರ್ಣ ಎದ್ದಿತು. ಆಟಿಯ ಮಳೆ, ಒಣಗದ ಬಟ್ಟೆ, ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಮೆಡಿಕಲ್‌ನಲ್ಲಿ ಚೀಟಿಯಿಲ್ಲದೆ ತಂದ ಟ್ಯೂಬ್ ಹಚ್ಚಿ ಹಚ್ಚಿ ಅದು ಹೊಟ್ಟೆಯವರೆಗೆ ಹಬ್ಬಿತ್ತು. ಚರ್ಮದ ಡಾಕ್ಟರು ವಿಡಿಯೊದಲ್ಲಿ ನೋಡಬೇಕು ಅಂದರು. ಅಪ್ಪಯ್ಯ ಕೊಡೆ ಹಿಡಿದು ಗುಡ್ಡದ ಮೇಲೆ, ಪಂಚೆ ಎತ್ತಿ ಹಿಡಿದು, ತಮ್ಮನ ಮಗ ಫೋನು ಹಿಡಿದು, ಕೆಳಗೆ ಗದ್ದೆಯಲ್ಲಿ ನೆಟ್ಟಿ ಮಾಡುತ್ತಿದ್ದ ಹೆಂಗಸರು ಮೇಲೆ ನೋಡದಿರಲಿ ಅಂತ ಎಲ್ಲರ ಪ್ರಾರ್ಥನೆ. ಡಾಕ್ಟರು ಒಂದೇ ನಿಮಿಷ ನೋಡಿ, "ಟ್ಯೂಬ್ ತೋರಿಸಿ" ಅಂದರು. ಅದರಲ್ಲಿ ಸ್ಟೀರಾಯ್ಡ್ ಬೆರೆತಿತ್ತು. ಅದನ್ನು ಬಿಡಿಸಿ ಬರಿಯ ಕ್ಲೋಟ್ರಿಮಜೋಲ್ ಬರೆದರು. ಒಂದು ಫೋಟೊ ಕಳಿಸಿ ಕೈತೊಳೆದುಕೊಳ್ಳಲು ಬಿಟ್ಟಿದ್ದರೆ ಆ ಟ್ಯೂಬಿನ ವಿಷಯ ಹೊರಗೆ ಬರುತ್ತಿರಲಿಲ್ಲ ಅಂತ ಈಗ ಅನಿಸುತ್ತದೆ. ಆವತ್ತಿನಿಂದ ಅಪ್ಪಯ್ಯ ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಎರಡನೆಯ ಆ್ಯಪ್ ಬಗ್ಗೆ. ಮೊದಲನೆಯದರಲ್ಲಿ ರಾತ್ರಿ ಹೊತ್ತು ಕನ್ನಡದ ಡಾಕ್ಟರು ಸಿಗುವುದಿಲ್ಲ. ನಿಯಮದ ಪ್ರಕಾರ ರಾಜ್ಯದ ಅಥವಾ ರಾಷ್ಟ್ರೀಯ ನೋಂದಣಿ ಇರುವ ವೈದ್ಯರು ದೇಶದ ಯಾವ ಮೂಲೆಯ ರೋಗಿಯನ್ನೂ ನೋಡಬಹುದು. ಆದರೆ "ಹೊಟ್ಟೆ ತೊಳಸ್ತದೆ, ಕೈಕಾಲು ಜೋಮು" ಅನ್ನುವುದನ್ನು ನಾನು ಹಿಂದಿಗೆ ತಿರುಗಿಸಿ, ಅವರು ಕೇಳಿದ್ದನ್ನು ಅಮ್ಮನಿಗೆ ತಿರುಗಿಸಿ, ಅಷ್ಟರಲ್ಲಿ ಹತ್ತು ನಿಮಿಷ ಮುಗಿದಿರುತ್ತದೆ. ಹಾಗಾಗಿ "24 ಗಂಟೆ, ಎರಡು ನಿಮಿಷದಲ್ಲಿ ಡಾಕ್ಟರ್" ಅನ್ನುವ ಎರಡನೆಯದಕ್ಕೆ ಹೋದೆ. ನನಗೇ ಗಂಟಲು ನೋವು, ಜ್ವರ. ಚಾಟ್ ತೆರೆಯಿತು. ಆರು ಪ್ರಶ್ನೆ, ಎಲ್ಲವೂ ಹೌದು-ಇಲ್ಲ. ಧ್ವನಿ ಇಲ್ಲ, ಮುಖ ಇಲ್ಲ. ತೊಂಬತ್ತು ಸೆಕೆಂಡಿಗೆ ಚೀಟಿ ಬಂತು: ಸೆಫಿಕ್ಸಿಮ್, ಐದು ದಿನ. ಎಷ್ಟು ಚೆಂದ ಅನ್ನಿಸಿತು, ಸುಳ್ಳು ಹೇಳುವುದಿಲ್ಲ.

ನಮ್ಮ ಬೀದಿಯ ಮೆಡಿಕಲ್ ಶಾಪ್‌ನವರು ಚೀಟಿಯನ್ನು ದೊಡ್ಡದು ಮಾಡಿ ನೋಡಿ ಫೋನು ವಾಪಸು ಕೊಟ್ಟರು. "ಸರ್, ಇದ್ರಲ್ಲಿ ಡಾಕ್ಟ್ರು ಯಾರು? ಬರೀ 'ಮೆಡಿಕಲ್ ಟೀಮ್' ಅಂತಿದೆ. ಇದು ಎಚ್1 ಮಾತ್ರೆ, ರಿಜಿಸ್ಟರ್‌ನಲ್ಲಿ ಯಾರ ಹೆಸ್ರು ಬರೀಲಿ?" ಎಚ್1 ಅಂದರೆ ಔಷಧ ಕಾನೂನಿನ ಇನ್ನೊಂದು ಪಟ್ಟಿ; ಅದರಲ್ಲಿರುವ ಸೆಫಿಕ್ಸಿಮ್‌ನಂಥ ಆಂಟಿಬಯೋಟಿಕ್‌ಗಳನ್ನು ಮಾರುವಾಗ ಬರೆದುಕೊಟ್ಟ ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಎಂದು ಬೇರೆಯೇ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಅಂಗಡಿಯಲ್ಲಿ ನಿಂತೇ ಮಾರ್ಗಸೂಚಿ ತೆಗೆದು ನೋಡಿದೆ. ವೈದ್ಯರು ಮಾತು ಶುರುಮಾಡುವ ಮುಂಚೆ ತಮ್ಮ ಹೆಸರು, ಅರ್ಹತೆ ತಿಳಿಸಬೇಕು. ಚೀಟಿಯ ಮೇಲೆ ನೋಂದಣಿ ಸಂಖ್ಯೆ, ಸಹಿ ಇರಬೇಕು. ಕೃತಕ ಬುದ್ಧಿಮತ್ತೆಯ ಯಂತ್ರ ವೈದ್ಯರಿಗೆ ನೆರವಾಗಬಹುದು, ಆದರೆ ತಾನೇ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧಿ ಬರೆಯುವಂತಿಲ್ಲ. ನನಗೆ ಆ ಆರು ಪ್ರಶ್ನೆ ಕೇಳಿದ್ದು ಮನುಷ್ಯರೋ ಯಂತ್ರವೋ, ಕಸ್ಟಮರ್ ಕೇರ್‌ಗೆ ಮೂರು ಮೇಲ್ ಹಾಕಿದೆ. ಉತ್ತರ ಬರಲಿಲ್ಲ, ಹಣ ವಾಪಸು ಬಂತು. ಗಂಟಲು ಉಪ್ಪುನೀರು ಮುಕ್ಕಳಿಸಿ ನಾಲ್ಕನೇ ದಿನಕ್ಕೆ ಸರಿಯಾಯಿತು. ಒಂದು ಸ್ಟಾರ್, ಅದೂ ಹಣ ವಾಪಸು ಕೊಟ್ಟಿದ್ದಕ್ಕೆ.

ನನಗೆ ನಿಜವಾಗಿ ಕೆಲಸಕ್ಕೆ ಬಂದ ಪದ್ಧತಿ ಆಮೇಲೆ ಸಿಕ್ಕಿತು. ಬರೇ ಆ್ಯಪ್ ಡಾಕ್ಟರನ್ನು ನಂಬಿಕೊಂಡಾಗ ಪ್ರತಿ ಸಲವೂ ಹೊಸಬರು, ಪ್ರತಿ ಸಲವೂ ಮೊದಲಿನಿಂದ ಪುರಾಣ. ಯಾರೂ ಹೊಸ ಮಾತ್ರೆ ಸೇರಿಸಲು ಮುಂದೆ ಬರುತ್ತಿರಲಿಲ್ಲ, ಸೇರಿಸಲೂಬಾರದು. ಅಮ್ಮನ ಬಿಪಿ ಏರುತ್ತಲೇ ಇತ್ತು. ಕೊನೆಗೆ ಶಿವಮೊಗ್ಗದ ಒಬ್ಬ ಫಿಸಿಶಿಯನ್ ಹತ್ತಿರ ಕರೆದುಕೊಂಡು ಹೋದೆವು. ಅವರು ಮೊದಲ ಆ್ಯಪ್‌ನಲ್ಲೂ ಸಿಗುತ್ತಾರೆ. ಒಮ್ಮೆ ಎದುರು ಕೂತು ತೋರಿಸಿದ ಮೇಲೆ ಆರು ತಿಂಗಳೊಳಗೆ ಅದೇ ವೈದ್ಯರನ್ನು ಅದೇ ಕಾಯಿಲೆಗೆ ಕಂಡರೆ ನಿಯಮದ ಲೆಕ್ಕದಲ್ಲಿ ಅದು ಮರುಭೇಟಿ. ಆಗ ಅವರು ಇರುವ ಮಾತ್ರೆಗೆ ಇನ್ನೊಂದನ್ನು ವಿಡಿಯೊದಲ್ಲೇ ಸೇರಿಸಬಹುದು. ಆರು ತಿಂಗಳು ದಾಟಿತೋ, ಇಲ್ಲವೇ ಕಾಯಿಲೆ ಬೇರೆಯಾಯಿತೋ, ಮತ್ತೆ ಮೊದಲ ಭೇಟಿಯೇ. ಈಗ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಅಡಿಕೆ ಕೊಯ್ಲಿಗೆ ಮುಂಚೆ ಒಂದು, ಮಳೆ ಹಿಡಿಯುವ ಮುಂಚೆ ಒಂದು ಶಿವಮೊಗ್ಗ ಪ್ರಯಾಣ. ಮಿಕ್ಕಿದ್ದೆಲ್ಲ ಜಗಲಿಯಿಂದ.

ನಮ್ಮ ತೀರ್ಥಹಳ್ಳಿಯ ಹಳೆಯ ಡಾಕ್ಟರಿಗೆ ಫೋನ್ ಮಾಡಿದರೆ ಮೊದಲೆಲ್ಲ "ಅರ್ಧ ಮಾತ್ರೆ ಜಾಸ್ತಿ ಮಾಡು" ಅಂತ ಹೇಳುತ್ತಿದ್ದರು. ಮಧ್ಯೆ ಒಂದೆರಡು ವರ್ಷ ನಿಲ್ಲಿಸಿಬಿಟ್ಟರು. ರತ್ನಗಿರಿಯ ಪ್ರಕರಣವೊಂದರಲ್ಲಿ, ಫೋನಿನಲ್ಲೇ ಔಷಧಿ ಹೇಳಿದ ಮೇಲೆ ಬಾಣಂತಿಯೊಬ್ಬರು ತೀರಿಕೊಂಡು, 2018ರಲ್ಲಿ ಬಾಂಬೆ ಹೈಕೋರ್ಟು ವೈದ್ಯ ದಂಪತಿಗೆ ನಿರೀಕ್ಷಣಾ ಜಾಮೀನು ನಿರಾಕರಿಸಿತ್ತು. ಅದಾದ ಮೇಲೆ ನಮ್ಮ ಡಾಕ್ಟರಿಗೆ ಹೆದರಿಕೆ. ಈ ಮಾರ್ಗಸೂಚಿ ಬಂದ ಮೇಲೆ ಮತ್ತೆ ಫೋನ್ ಎತ್ತುತ್ತಾರೆ, ಆದರೆ ಈಗ ವಾಟ್ಸಾಪಿನಲ್ಲಿ ದಪ್ಪ ಅಕ್ಷರದ ಚೀಟಿಯೂ ಬರುತ್ತದೆ, ಫೀಸೂ ಕೇಳುತ್ತಾರೆ. ಕೇಳಲಿ. ನಿಯಮವೇ ಫೀಸಿಗೆ ಅವಕಾಶ ಕೊಟ್ಟಿದೆ, ರಸೀದಿ ಕೊಡಬೇಕು ಅಂತಲೂ ಹೇಳಿದೆ. ರಸೀದಿ ಮಾತ್ರ ನಾನು ಇನ್ನೂ ನೋಡಿಲ್ಲ.

ಇ-ಸಂಜೀವಿನಿಯನ್ನು ಎರಡು ರೀತಿ ಬಳಸಬಹುದು. ಫೋನಿನಿಂದ ನೇರವಾಗಿ ಒಪಿಡಿ ಟೋಕನ್ ತೆಗೆದುಕೊಳ್ಳಬಹುದು, ಇದು 2020ರ ಏಪ್ರಿಲ್‌ನಿಂದ ಇದೆ. ಇಲ್ಲವೇ ಊರಿನ ಆರೋಗ್ಯ ಉಪಕೇಂದ್ರಕ್ಕೆ ಹೋದರೆ ಅಲ್ಲಿನ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ತಮ್ಮ ಪರದೆಯಿಂದ ದೂರದ ಡಾಕ್ಟರಿಗೆ ಜೋಡಿಸುತ್ತಾರೆ. ಎರಡೂ ಉಚಿತ. ಅಮ್ಮನಿಗೆ ಎರಡನೆಯದೇ ಇಷ್ಟ. "ಅಲ್ಲಿ ಸಿಸ್ಟರ್ ಕೈ ಹಿಡ್ದು ಬಿಪಿ ನೋಡ್ತಾಳೆ, ನಿನ್ನ ಫೋನ್ ಎಂತ ನೋಡ್ತದೆ?" ಅನ್ನುತ್ತಾಳೆ. ಮಾತು ಸರಿ. ಮನೆಯಿಂದ ಮಾತಾಡುವಾಗ ಡಾಕ್ಟರಿಗೆ ಸಿಗುವುದು ನಾವು ಹೇಳಿದ ಸಂಖ್ಯೆ, ಉಪಕೇಂದ್ರದಿಂದ ಸಿಗುವುದು ಅಳೆದ ಸಂಖ್ಯೆ. ಸಣ್ಣಪುಟ್ಟದ್ದಕ್ಕೆ, ಶುಗರ್-ಬಿಪಿಗೆ ನನ್ನ ಮೊದಲ ಶಿಫಾರಸು ಇದೇ. ಅಂದಹಾಗೆ ಇದು ನಮ್ಮ ರಾಜ್ಯಕ್ಕೆ ತೀರಾ ಹೊಸತೂ ಅಲ್ಲ. ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿ ಎರಡು ದಶಕಗಳೇ ಆದವು. ಆಗ ಅದಕ್ಕೆ ಡಿಶ್ ಬೇಕಿತ್ತು, ಈಗ ಗುಡ್ಡ ಹತ್ತಿದರೆ ಸಾಕು.

ಒಮ್ಮೆ ಆಫೀಸಿನ ಊಟದ ಹೊತ್ತಿನಲ್ಲಿ ಅಮ್ಮನ ಪರವಾಗಿ ನಾನೊಬ್ಬನೇ ಕರೆ ಮಾಡಿದ್ದೆ. ಡಾಕ್ಟರು ಮೊದಲು ಕೇಳಿದ್ದೇ "ಪೇಶೆಂಟ್ ಎಲ್ಲಿ?" ಅಂತ. ರೋಗಿ ಪಕ್ಕದಲ್ಲಿಲ್ಲದಿದ್ದರೆ ಅವರು ಒಪ್ಪಿಗೆ ಕೊಟ್ಟಿದ್ದಾರೆ ಎಂಬ ಪತ್ರ ಬೇಕಂತೆ. ರೋಗಿ ತಾನೇ ಕರೆ ಮಾಡಿದರೆ ಒಪ್ಪಿಗೆ ಇದ್ದಂತೆಯೇ ಲೆಕ್ಕ. ನಾನು ಅಮ್ಮನನ್ನೂ ಕರೆಗೆ ಸೇರಿಸಿದೆ, "ಹೌದು, ನನ್ನ ಮಗನೇ" ಅಂದಳು, ಮುಂದುವರಿದರು.

43 ಚೀಟಿಗಳಲ್ಲಿ ಒಂದರಲ್ಲಿ ಔಷಧಿಯೇ ಇಲ್ಲ. ಹೋದ ವರ್ಷ ಫೆಬ್ರವರಿಯ ರಾತ್ರಿ, ಅಪ್ಪಯ್ಯನಿಗೆ ಎದೆ ಹಿಡಿದುಕೊಂಡ ಹಾಗೆ, ಬೆವರು. ಗ್ಯಾಸ್ಟ್ರಿಕ್ ಅಂತ ಅವರ ವಾದ. ಆ್ಯಪ್‌ನ ಡಾಕ್ಟರು ಮೂರು ಪ್ರಶ್ನೆ ಕೇಳಿ, "ನಡೆಸಬೇಡಿ, ಕೂರಿಸಿ, ಈ ಕಾಲ್ ಕಟ್ ಮಾಡಿ 108ಕ್ಕೆ ಮಾಡಿ" ಅಂದರು. ಒಟ್ಟು ಎರಡು ನಿಮಿಷ. ತುರ್ತು ಅನ್ನಿಸಿದರೆ ಪ್ರಥಮ ಚಿಕಿತ್ಸೆ ಹೇಳಿ ಆಸ್ಪತ್ರೆಗೆ ಕಳಿಸಬೇಕೆಂಬುದೇ ನಿಯಮ. ಅವರು ಅದಕ್ಕೆ ಒಂದು ಹೆಜ್ಜೆ ಮುಂದೆ ಹೋಗಿ ಇಪ್ಪತ್ತು ನಿಮಿಷ ಬಿಟ್ಟು ತಾವೇ ಕರೆ ಮಾಡಿ, ಹೊರಟರಾ ಅಂತ ಕೇಳಿದರು. ಹೊರಟಿದ್ದರು. ಮರುದಿನ ಶಿವಮೊಗ್ಗದಲ್ಲಿ ಸ್ಟೆಂಟ್ ಹಾಕಿದರು.

2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಡವಳಿಕೆ ನಿಯಮಗಳನ್ನು ತಂದು ಅದೇ ತಿಂಗಳು ತಡೆಹಿಡಿಯಿತು, ಹಾಗಾಗಿ ಹಳೆಯ ಪಟ್ಟಿಗಳ ಲೆಕ್ಕವೇ ನಡೆದುಕೊಂಡು ಬಂತು. ಯಾವ ಆ್ಯಪ್ ಹಾಕಿಕೊಂಡರೂ ಮೊದಲ ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ಅಲ್ಲಿಗೇ ತೆಗೆದುಹಾಕಿ.

ಮೊದಲ ಆ್ಯಪ್‌ಗೆ ನಾಲ್ಕೇ ಕೊಟ್ಟಿದ್ದು ಯಾಕೆಂದರೆ, ನಿದ್ದೆ ಮಾತ್ರೆ ಇಲ್ಲಿ ಬರೆಯುವುದಿಲ್ಲ ಅಂತ ಹಣ ಕಟ್ಟುವ ಪರದೆಯ ಮೇಲೆ ಒಂದು ಸಾಲು ಹಾಕಲು ಅವರಿಗೆ ಐದು ವರ್ಷದಲ್ಲೂ ಆಗಿಲ್ಲ. ಹಾಕಿದ್ದರೆ ಅಮ್ಮ ಮುಂಚೆಯೇ ಶಿವಮೊಗ್ಗದ ಮನೋವೈದ್ಯರ ಹತ್ತಿರ ಹೋಗುತ್ತಿದ್ದಳು. ಹೋಗಿದ್ದು ಕಳೆದ ವರ್ಷ. ಅವರು ಎದುರು ಕೂರಿಸಿಕೊಂಡು ಯಾಕೆ ಬೇಡ ಅಂತ ಹೇಳಿ, ಸ್ವಲ್ಪಸ್ವಲ್ಪವೇ ಇಳಿಸುತ್ತಾ ಬಂದಿದ್ದಾರೆ. ಈಗ ಕಾಲು ಮಾತ್ರೆ. "ಅವತ್ತೇ ಆ ಡಾಕ್ಟ್ರು ಸಿಸ್ಟಮ್ ಗಿಸ್ಟಮ್ ಅನ್ನದೆ ಹಿಂಗೆ ಹೇಳಿದ್ರೆ ನಾನು ಕೇಳ್ತಿರ್ಲಿಲ್ವನಾ?" ಅಂತ ಅಮ್ಮ ಈಗಲೂ ನನ್ನನ್ನೇ ಕೇಳುತ್ತಾಳೆ.