ಆಡುಗಳಿಗೆ ಬರೀ ಸುಬಾಬುಲ್ ಸೊಪ್ಪು ಹಾಕಬೇಡಿ

ನಮ್ಮ ಮನೆ ತೀರ್ಥಹಳ್ಳಿ ಕಡೆ. ಹೋದ ಮಳೆಗಾಲದಲ್ಲಿ ಕೊಟ್ಟಿಗೆಯಲ್ಲಿ 11 ಆಡುಗಳಿದ್ದವು, ಅದರಲ್ಲಿ 4 ಗಬ್ಬ. ಎರಡು ಕಂದು ಹಾಕಿದವು. ಇನ್ನೊಂದರ ಮರಿ ಗಂಟಲು ಊದಿಕೊಂಡೇ ಹುಟ್ಟಿ ಮಾರನೇ ದಿನ ಸತ್ತಿತು. ಇದೆಲ್ಲ ಆಗಿದ್ದು ದಿನಾ ನಾನೇ ಕಡಿದು ತಂದು ಹಾಕಿದ ಸೊಪ್ಪಿನಿಂದ.

ಬೇಲಿಗೆ ಸುಬಾಬುಲ್ ಎಂಬ ಮೇವಿನ ಮರ ಹಾಕಿ ಮೂರು ವರ್ಷವಾಗಿತ್ತು. ಬೀಜ ಕೊಟ್ಟವರು "ಎಷ್ಟು ಬೇಕಾದರೂ ತಿನ್ನಿಸಿ, ಹಿಂಡಿ ಖರ್ಚು ಉಳಿಯುತ್ತೆ" ಅಂದಿದ್ದರು. ಅದರಲ್ಲಿ ಪ್ರೋಟೀನ್ ಜಾಸ್ತಿ ಇರುವುದು ನಿಜ. ಆಡುಗಳೂ ಆಸೆಪಟ್ಟು ತಿನ್ನುತ್ತವೆ. ಜಡಿಮಳೆ ಹಿಡಿದ ಮೇಲೆ ಆಡುಗಳನ್ನು ಮೇಯಲು ಬ್ಯಾಣಕ್ಕೆ, ಅಂದರೆ ಹುಲ್ಲುಗಾವಲಿಗೆ, ಹೊಡೆಯುವುದು ನಿಂತಿತು. ಹಲಸಿನ ಸೊಪ್ಪು ತರೋಣವೆಂದರೆ ಮರವೆಲ್ಲ ಪಾಚಿ, ಹತ್ತುವ ಹಾಗಿಲ್ಲ. ಬೇಲಿಯದು ಕೈಗೆ ಸಿಗುತ್ತಿತ್ತು. ಬೆಳಿಗ್ಗೆ, ಸಂಜೆ ಅದೊಂದೇ ಹಾಕಿದೆ.

ಮೂರನೇ ವಾರಕ್ಕೆ ಬಾಲದ ಹತ್ತಿರ, ಬೆನ್ನ ಮೇಲೆ ಕೈಯಾಡಿಸಿದರೆ ಕೂದಲು ಹಿಡಿಹಿಡಿಯಾಗಿ ಬರತೊಡಗಿತು. ಕಜ್ಜಿ ಇರಬೇಕು ಅಂದುಕೊಂಡೆ. ಔಷಧಿ ಅಂಗಡಿಯವರೂ ಹಾಗೇ ಹೇಳಿ ಮುಲಾಮು ಕೊಟ್ಟರು. ಅದನ್ನು ಹಚ್ಚುತ್ತಾ, ಅದೇ ಸೊಪ್ಪು ತಿನ್ನಿಸುತ್ತಾ ಇನ್ನೆರಡು ವಾರ ಕಳೆದೆ. ನಾನು ಕೆಟ್ಟಿದ್ದೇ ಇಲ್ಲಿ. ಕಜ್ಜಿಯಾದರೆ ಆಡು ಕಂಬಕ್ಕೆ ಮೈ ಉಜ್ಜುತ್ತದೆ, ಚರ್ಮ ಹಕ್ಕಳೆ ಕಟ್ಟುತ್ತದೆ. ಇವು ಕೆರೆದುಕೊಳ್ಳುತ್ತಲೇ ಇರಲಿಲ್ಲ, ಉದುರಿದ ಜಾಗ ನುಣ್ಣಗಿತ್ತು. "ಇದು ಕಜ್ಜಿ ಅಲ್ಲ ಕಣೋ" ಎಂದು ಅಮ್ಮ ಎರಡು ಸಲ ಹೇಳಿದ್ದರು. ನಾನು ಕೇಳಲಿಲ್ಲ. ಆಮೇಲೆ ಬಾಯಲ್ಲಿ ಜೊಲ್ಲು ಸುರಿಯತೊಡಗಿತು, ಮೇವು ಬಿಟ್ಟವು, ಮೈ ಇಳಿಯಿತು.

ಕೊನೆಗೆ ಬಂದ ಪಶುವೈದ್ಯರು ಆಡು ಮುಟ್ಟುವ ಮೊದಲೇ ಗೋದಲಿ ನೋಡಿದರು. ಸುಬಾಬುಲ್‌ನಲ್ಲಿ ಮಿಮೋಸಿನ್ ಎಂಬ ವಿಷವಿದೆ. ಕೂದಲು ಉದುರಿಸುವುದು ಅದೇ. ಹೊಟ್ಟೆಯೊಳಗೆ ಅದು ಇನ್ನೊಂದು ವಸ್ತುವಾಗಿ ಬದಲಾಗಿ ಥೈರಾಯ್ಡ್ ಗ್ರಂಥಿಯ ಕೆಲಸ ಕೆಡಿಸುತ್ತದೆ. ಗಂಟಲು ಊದುವುದು ಅದರಿಂದ. ಎಳೆ ಚಿಗುರಲ್ಲಿ, ಬೀಜದಲ್ಲಿ ವಿಷ ಜಾಸ್ತಿ. ನಾನು ಪದೇ ಪದೇ ಕಡಿಯುತ್ತಿದ್ದರಿಂದ ನನ್ನ ಬೇಲಿಯಲ್ಲಿ ಇದ್ದಿದ್ದೇ ಎಳೆ ಚಿಗುರು! ಬಿಸಿಲಲ್ಲಿ ಬಾಡಿಸಿದರೆ ಸ್ವಲ್ಪ ಇಳಿಯುತ್ತದಂತೆ. ಆದರೆ ನಮ್ಮ ಮಳೆಗಾಲದಲ್ಲಿ ಬಿಸಿಲೆಲ್ಲಿದೆ? ಕಂದು ಹಾಕಲು ಬೇರೆ ರೋಗಗಳೂ ಕಾರಣವಾಗುವುದರಿಂದ ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಅದರಲ್ಲಿ ಏನೂ ಸಿಗಲಿಲ್ಲ.

"ಹವಾಯಿಯಲ್ಲಿ ಆಡುಗಳು ಇದನ್ನೇ ತಿಂದು ಚೆನ್ನಾಗಿರುತ್ತವೆ" ಎಂದು ನನಗೊಬ್ಬರು ಹೇಳಿದ್ದರು. ಅದು ಸರಿಯೇ. ಅಲ್ಲಿನ ಆಡುಗಳ ಹೊಟ್ಟೆಯಲ್ಲಿ ಈ ವಿಷವನ್ನು ಒಡೆಯುವ ಬ್ಯಾಕ್ಟೀರಿಯಾ ಇದೆ. 1980ರ ದಶಕದಲ್ಲಿ ಅದನ್ನು ಆಸ್ಟ್ರೇಲಿಯಾಕ್ಕೆ ಒಯ್ದು ದನಗಳ ಹೊಟ್ಟೆಗೂ ಸೇರಿಸಿದರು. ನಿಮ್ಮ ಆಡಿನ ಹೊಟ್ಟೆಯಲ್ಲಿ ಅದು ಇದೆಯೋ ಇಲ್ಲವೋ, ಹೊರಗಿನಿಂದ ನೋಡಿ ತಿಳಿಯುವುದಿಲ್ಲ ಅಲ್ವಾ?

ಸೊಪ್ಪು ನಿಲ್ಲಿಸಿದ ಮೇಲೆ ಉಳಿದವಕ್ಕೆ ನಿಧಾನವಾಗಿ ಕೂದಲು ಬಂತು. ಈಗ ಸುಬಾಬುಲ್ ಹಾಕಿದರೂ ಒಟ್ಟು ಮೇವಿನಲ್ಲಿ ಕಾಲು ಭಾಗ ದಾಟಿಸುವುದಿಲ್ಲ. ಉಳಿದಿದ್ದು ನೇಪಿಯರ್ ಹುಲ್ಲು, ಹಲಸು, ಒಣಹುಲ್ಲು. ಗಬ್ಬದವಕ್ಕೆ ಒಂದು ಎಸಳೂ ಇಲ್ಲ. ನಿಮ್ಮಲ್ಲಿ ಗಬ್ಬದ ಆಡಿದ್ದು ಗೋದಲಿ ತುಂಬ ಬರೀ ಇದೇ ಇದ್ದರೆ, ದಯವಿಟ್ಟು ಇವತ್ತು ಸಂಜೆಯೇ ತೆಗೆದುಬಿಡಿ. ಕಂದು ಹಾಕಿದ ನನ್ನ ಎರಡರಲ್ಲಿ ಒಂದು ಇನ್ನೂ ಗಬ್ಬ ನಿಂತಿಲ್ಲ.